ನದಾಫ ವಕೀಲರ ವಾಯಿದೆಗಳು

ನನ್ನ ಕುತ್ತಿಗೆಯ ಬುಡದಲ್ಲಿ ಎಂಟಾಣೆ ನಾಣ್ಯದಷ್ಟು ಅಗಲದ ಒಂದು ತೂತಿದೆ. ನಾನು ಉಸಿರಾಡುವುದು ಅದರಿಂದಲೇ. ಮಕ್ಕಳು ಅದನ್ನು ನೇರವಾಗಿ ನೋಡುತ್ತಾರೆ. ದೊಡ್ಡವರು ನೋಡದವರಂತೆ ನಟಿಸಿ ಓರೆಗಣ್ಣಿನಲ್ಲಿ ನೋಡುತ್ತಾರೆ. ನನಗೆ ಮಕ್ಕಳ ನೋಟವೇ ಹಿತ. ಗಂಟಲಿನ ಕ್ಯಾನ್ಸರ್ ಆಗಿ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಸಿಕೊಂಡವನು ನಾನು. ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ವಕೀಲಿ. ಮಾತನ್ನೇ ಮಾರಿ ಬದುಕುತ್ತಿದ್ದವನ ಅಂಗಡಿಗೇ ದೇವರು ಬೀಗ ಹಾಕಿದನಲ್ಲ ಎಂದು ಬಹಳ ದಿನ ಅವನ ಮೇಲೆ ಸಿಟ್ಟಿನಲ್ಲಿದ್ದೆ.

ಈಗ ಹುಬ್ಬಳ್ಳಿಯ ಡಾಕ್ಟರು ಇದೇ ಆಪರೇಷನ್ನಿಗೆ ಹೆದರಿ ಕುಳಿತವರನ್ನು ಆಗಾಗ ಗಜೇಂದ್ರಗಡದ ನಮ್ಮ ಮನೆಗೆ ಕಳಿಸುತ್ತಾರೆ. ಬಂದವರು ಜಗಲಿಯ ಮೇಲೆ ಕೂತು ಚಹಾ ಕುಡಿದು, ಸುತ್ತಿ ಬಳಸಿ, ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಾರೆ: "ಇಷ್ಟೆಲ್ಲಾ ಆದ ಮ್ಯಾಲೆ ಬದುಕಬೇಕಂತ ಅನಸ್ತೈತೇನ್ರಿ?" ಅದಕ್ಕೆ ಚುಟುಕಾಗಿ ಉತ್ತರಿಸಲು ನನಗೆ ಬರುವುದಿಲ್ಲ, ಉದ್ದಕ್ಕೆ ಹೇಳಿದರೆ ದಣಿವಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಕಾಯಿಲೆಯ ಕಥೆ ಆಸ್ಪತ್ರೆಯಿಂದ ಶುರುವಾಗುವುದಿಲ್ಲ, ರೋಣದ ಕೋರ್ಟಿನ ಹಿಂದಿರುವ ವಕೀಲರ ಕೋಣೆಯಿಂದ ಶುರುವಾಗುತ್ತದೆ. ನಾನು ದಿನಾ ಗಜೇಂದ್ರಗಡದಿಂದ ಬಸ್ಸು ಹಿಡಿದು ಅಲ್ಲಿಗೆ ಹೋಗುತ್ತಿದ್ದೆ. ಹೊಸ ಶತಮಾನ ಶುರುವಾಗಿದ್ದ ಕಾಲ. ವಾಸಿಯಾಗದ ಕಾಯಿಲೆಯವರು ಸಾಯಲು ಕೇಳಿಕೊಂಡರೆ ಕಾನೂನು ಒಪ್ಪಬೇಕೇ, ಬೇಡವೇ ಎಂಬ ಚರ್ಚೆ ಪತ್ರಿಕೆಗಳಲ್ಲಿ ಎದ್ದಾಗಲೆಲ್ಲ ನಮ್ಮ ಕೋಣೆಯಲ್ಲಿ ಚಹಾ ತಣ್ಣಗಾಗುತ್ತಿತ್ತು. ನಾನು ಒಪ್ಪಬೇಕು ಎನ್ನುವವರ ಮುಂದಾಳು. ಮೇಜು ಕುಟ್ಟಿ ಹೇಳುತ್ತಿದ್ದೆ: "ಹೊಲ ನಂದಂದ್ರ ಅದನ್ನ ಇಟ್ಟುಕೊಳ್ಳೂದೂ ಬಿಡೂದೂ ನನ್ನ ಹಕ್ಕು. ಮೈ ನಂದಲ್ಲೇನು? ನರಳಿ ನರಳಿ ಸಾಯಿ ಅಂತ ಹೇಳಾಕ ಸರ್ಕಾರ ಯಾರ್ರೀ?"

ಎದುರಿಗೆ ಇಮಾಮಸಾಬ ನದಾಫರು. ನರಗುಂದದಲ್ಲಿ ಅವರ ತಂದೆ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದರು. ಮಗ ಕಲಿತು ರೋಣದಲ್ಲಿ ವಕೀಲರಾದರು. ನನಗಿಂತ ನಾಲ್ಕಾರು ವರ್ಷ ಹಿರಿಯರು. ನಾನು ಫಿರ್ಯಾದಿಯ ಕಡೆ ನಿಂತರೆ ಅವರು ಪ್ರತಿವಾದಿಯ ಕಡೆ. ನಮ್ಮಿಬ್ಬರ ಅರ್ಧ ಆಯುಷ್ಯ ಹೀಗೇ ಎದುರುಬದುರು ನಿಂತು ಕಳೆದಿತ್ತು. ಅವರು ನಗುನಗುತ್ತ ಅಂದರು: "ಹೊಲದ ಕೇಸಿನ್ಯಾಗ ಎದುರುಪಾರ್ಟಿ ಅಂತ ಒಬ್ಬಾಂವ ಇರ್ತಾನ, ಹಿರೇಗೌಡ್ರ. ನಿಮ್ಮ ಈ ಕೇಸಿನ್ಯಾಗ ಯಾರು? ಅರ್ಜಿ ಹಾಕಾಂವನೂ ಆತನ, ಹೋಗಾಂವನೂ ಆತನ. ಎದುರಿನವರ ಮಾತ ಕೇಳದ ಕೊಟ್ಟ ತೀರ್ಪು ಏಕತರ್ಫಿ ಆಗೂದಿಲ್ಲೇನು?"

"ಹಂಗಾರ ಅದಕ್ಕೂ ಒಂದ ವಾಯಿದೆ ಕೇಳ್ರಿ," ಎಂದೆ. ಕೋಣೆಯೆಲ್ಲ ಗೊಳ್ಳೆಂದಿತು.

ಯಾಕೆ ನಕ್ಕರೆಂದರೆ, ವಾಯಿದೆ ಪಡೆಯುವುದರಲ್ಲಿ ನದಾಫರನ್ನು ಮೀರಿಸಿದವರು ನಮ್ಮ ತಾಲೂಕಿನಲ್ಲಿ ಇರಲಿಲ್ಲ. ಕೇಸನ್ನು ಇವತ್ತು ಬೇಡ, ಮುಂದಿನ ತಾರೀಖಿಗೆ ಎಂದು ಮುಂದೂಡಿಸುವುದು ಅವರಿಗೆ ಎಲೆ ಅಡಿಕೆ ಹಾಕಿಕೊಂಡಷ್ಟು ಸಲೀಸು. ಮಲಪ್ರಭೆಗೆ ನೀರು ಬಂದು ಮೆಣಸಗಿಯ ಸಾಕ್ಷಿ ದಾಟಿ ಬರಲಾಗಲಿಲ್ಲ ಸ್ವಾಮಿ, ಕಕ್ಷಿದಾರನ ಮಗಳ ಬಾಣಂತನ ಸ್ವಾಮಿ, ನನಗೇ ಹಲ್ಲುನೋವು ಸ್ವಾಮಿ. ಒಮ್ಮೆಯಂತೂ ಅಸೂಟಿಯ ಸಾಕ್ಷಿಯ ಎಮ್ಮೆ ಈಯುತ್ತಿದೆ ಎಂದು ಹೇಳಿ ವಾಯಿದೆ ಪಡೆದರು. ಅವರು ಬಾಯಿ ತೆರೆದೊಡನೆ ನಾನು ಎದ್ದು ನಿಂತು "ತಕರಾರಿದೆ ಸ್ವಾಮಿ" ಎಂದು ಗುಡುಗುತ್ತಿದ್ದೆ. ನನ್ನ ದನಿ ಕೋರ್ಟಿನ ಹೊರಗೆ ಬೇವಿನ ಗಿಡದ ಕೆಳಗೆ ಕೂತವರಿಗೂ ಕೇಳುತ್ತಿತ್ತು. ಬೆನ್ನ ಹಿಂದೆ ನನ್ನನ್ನು ತಕರಾರು ವಕೀಲ ಎನ್ನುತ್ತಿದ್ದರಂತೆ. ಆ ಹೆಸರಿನ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯಿತ್ತು.

ಆ ದನಿ ಒಂದು ಬೇಸಿಗೆಯಲ್ಲಿ ಒಡೆಯಿತು. ನೆಗಡಿ ಎಂದೆ. ಧೂಳು ಎಂದೆ. ನಮ್ಮೂರ ಗುಡ್ಡದ ಮೇಲೆ ಗಾಳಿ ವಿದ್ಯುತ್ತಿನ ಕಂಬಗಳನ್ನು ನಿಲ್ಲಿಸಲು ದೊಡ್ಡ ದೊಡ್ಡ ಲಾರಿಗಳು ಓಡಾಡುತ್ತಿದ್ದವು, ಹಾಗಾಗಿ ಧೂಳಿಗೇನೂ ಬರವಿರಲಿಲ್ಲ. ಶುಂಠಿ, ಜ್ಯೇಷ್ಠಮಧು, ಅರಿಷಿಣದ ಹಾಲು ಎಲ್ಲ ಆಯಿತು. ಮಳೆಗಾಲ ಬಂದು ಧೂಳು ಅಡಗಿದರೂ ದನಿ ಮರಳಲಿಲ್ಲ. ಹೆಂಡತಿ ಗಿರಿಜಾ ನನ್ನನ್ನು ಹೆಚ್ಚುಕಡಿಮೆ ದೂಡಿಕೊಂಡೇ ಹುಬ್ಬಳ್ಳಿಗೆ ಕರೆದೊಯ್ದಳು.

ಕ್ಯಾನ್ಸರ್ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಕೂತವನಿಗೆ ಮೊದಲು ತಿಳಿಯುವುದು ಅಲ್ಲಿ ಯಾರೂ ಯಾರನ್ನೂ "ಏನಾಗೇತಿ" ಎಂದು ಕೇಳುವುದಿಲ್ಲ ಎಂಬುದು. "ಯಾವೂರು" ಎಂದು ಮಾತ್ರ ಕೇಳುತ್ತಾರೆ. ಊರಿನ ಹೆಸರು ಹೇಳಿದ ಮೇಲೆ ಬುತ್ತಿ ಬಿಚ್ಚುತ್ತಾರೆ. ನುಂಗಲಾಗದವರೂ ಪಕ್ಕದವರಿಗೆ ರೊಟ್ಟಿ ಮುರಿದು ಕೊಡುತ್ತಾರೆ. ಡಾಕ್ಟರು ನಮ್ಮನ್ನು ಒಳಗೆ ಕರೆದು ವಿಷಯ ಹೇಳಿದಾಗ ಗಿರಿಜಾ ಅಳಲಿಲ್ಲ. ಗಂಭೀರವಾಗಿ ಕೇಳಿದಳು: "ಸಾಹೇಬ್ರ, ಇವರು ಇನ್ನ ಮ್ಯಾಲೆ ಮೆತ್ತಗ ಮಾತಾಡಿದ್ರ ವಾಸಿ ಆಗತೈತೇನ್ರಿ? ನಾ ಮೊದಲಿಂದ ಹೇಳ್ತಿದ್ದೆ, ಹಿಂಗ ಒದರಬ್ಯಾಡ್ರಿ ಅಂತ." ಡಾಕ್ಟರಿಗೆ ನಗಬೇಕೋ ಬಿಡಬೇಕೋ ತಿಳಿಯಲಿಲ್ಲ. ಹೊರಗೆ ಬಂದು ನೀರಿನ ನಲ್ಲಿಯ ಹತ್ತಿರ ನಿಂತಾಗ ಅವಳು ತುಂಬಿದ ಬಾಟಲಿಯನ್ನು ಚೆಲ್ಲಿ ಮತ್ತೆ ಮತ್ತೆ ತುಂಬಿಸುತ್ತಿರುವುದು ಕಂಡಿತು. ನನಗೆ ಆಗ ಮೊದಲ ಬಾರಿಗೆ ನಿಜವಾದ ಭಯವಾಯಿತು.

ಮೊದಲು ಕಿರಣ ಚಿಕಿತ್ಸೆ ಕೊಟ್ಟರು. ಗಂಟಲು ಸುಟ್ಟ ಬದನೆಕಾಯಿಯಂತಾಯಿತು, ಕಾಯಿಲೆ ಮಾತ್ರ ಒಂದಿಷ್ಟು ದಿನ ಅಡಗಿ ಕೂತು ಮತ್ತೆ ಎದ್ದಿತು. ಧ್ವನಿಪೆಟ್ಟಿಗೆ ತೆಗೆಯಬೇಕು, ಬೇರೆ ದಾರಿಯಿಲ್ಲ ಎಂದರು. ಆಪರೇಷನ್ನಿನ ಹಿಂದಿನ ಸಂಜೆ ಗಿರಿಜಾ ನನ್ನ ಬಾಯಿಂದ ಅವಳ ಹೆಸರನ್ನು ಹೇಳಿಸಿಕೊಂಡಳು. ನಮ್ಮ ಕಡೆ ಗಂಡ ಹೆಂಡತಿಯನ್ನು ಹೆಸರು ಹಿಡಿದು ಕರೆಯುವುದು ಅಪರೂಪ. ನಾನು ಅಲ್ಲಿಯ ತನಕ "ಏ ಇಕಿನ" ಎಂದೇ ಕರೆಯುತ್ತಿದ್ದೆ. ಒಡಕು ದನಿಯಲ್ಲಿ "ಗಿರಿಜಾ" ಎಂದೆ. "ಇನ್ನೊಮ್ಮೆ ಅನ್ರಿ," ಎಂದಳು. ಅಂದೆ.

ಎಚ್ಚರವಾದಾಗ ದನಿಯಿರಲಿಲ್ಲ. ಮೂಗಿನಲ್ಲಿ ಊಟದ ನಳಿಗೆ, ಕುತ್ತಿಗೆಯಲ್ಲಿ ತೂತು. ಕೆಮ್ಮಿದರೆ ಕಫ ಕುತ್ತಿಗೆಯಿಂದ ಬರುತ್ತಿತ್ತು. ಅತ್ತರೆ ಸದ್ದೇ ಬರುತ್ತಿರಲಿಲ್ಲ. ಸದ್ದಿಲ್ಲದ ಅಳು ಎಷ್ಟು ಅವಮಾನದ್ದು ಎಂಬುದು ಅತ್ತವನಿಗಷ್ಟೇ ಗೊತ್ತು. ನರ್ಸ್ ಒಂದು ಕರಿಹಲಗೆಯ ಪಾಟಿ ಮತ್ತು ಬಳಪ ತಂದುಕೊಟ್ಟಳು. ಸಾಲಿಗೆ ಹೋದ ಮೊದಲ ದಿನ ಹಿಡಿದದ್ದನ್ನು ಮುದುಕನಾಗುವ ಹೊತ್ತಿಗೆ ಮತ್ತೆ ಹಿಡಿದೆ.

ಪಕ್ಕದ ಮಂಚದಲ್ಲಿ ಮೆಣಸಗಿಯ ಫಕೀರಪ್ಪನೆಂಬ ರೈತನಿದ್ದ. ದವಡೆಯ ಕ್ಯಾನ್ಸರ್. ಅವನದು ಉಳಿಯುವ ಕಾಯಿಲೆಯಲ್ಲ ಎಂದು ಅವನಿಗೂ ಗೊತ್ತಿತ್ತು. ನೋವು ಏರಿದಾಗ ಮಂಚದ ಕಂಬಿ ಹಿಡಿದು ಕೂಗುತ್ತಿದ್ದ: "ಯಪ್ಪಾ, ಒಂದ ಸೂಜಿ ಹಾಕಿ ಮುಗಿಸಿಬಿಡ್ರಿ. ಕೈ ಮುಗೀತೀನಿ, ಕಾಲ ಬೀಳ್ತೀನಿ." ಅದನ್ನು ಕೇಳಿ ನನಗೆ ವಕೀಲರ ಕೋಣೆಯ ನನ್ನ ವಾದವೆಲ್ಲ ನಿಜವೆನಿಸಿತು. ಇವನಿಗೆ ಬೇಡ ಎನ್ನಲು ನಾವು ಯಾರು?

ಆಮೇಲೆ ಒಬ್ಬ ಹೊಸ ಡಾಕ್ಟರಮ್ಮ ಬಂದರು. ಅವನ ನೋವಿನ ಔಷಧಿಯನ್ನು ಬದಲಿಸಿ, ಇಷ್ಟಿಷ್ಟು ಹೊತ್ತಿಗೆ ತಪ್ಪದೆ ಕೊಡಬೇಕು, ಅವನು ಕೂಗುವ ತನಕ ಕಾಯಬಾರದು ಎಂದು ನರ್ಸುಗಳಿಗೆ ತಾಕೀತು ಮಾಡಿದರು. ಮಾರನೇ ದಿನ ಫಕೀರಪ್ಪ ಎದ್ದು ಕೂತು ಮಗಳಿಗೆ ಅಂದ: "ತಂಗೀ, ನಾಳಿ ಬರೂ ಮುಂದ ಒಂದೀಟ ಜುಣಕ ಮಾಡ್ಕೊಂಡ ಬಾರವ್ವ. ನುಂಗಾಕ ಆಗದಿದ್ರೂ ನಾಲಿಗಿಗೆ ಹಚ್ಕೋತೀನಿ." ಅವಳು ತಂದ ಕಡಲೆಹಿಟ್ಟಿನ ಜುಣಕದ ಒಗ್ಗರಣೆಯ ವಾಸನೆ ವಾರ್ಡಿಗೆಲ್ಲ ಹಬ್ಬಿತಂತೆ. ಉಸಿರು ಮೂಗಿನಿಂದ ಹೋಗದ ನನಗೆ ಅದು ತಿಳಿಯಲಿಲ್ಲ, ಗಿರಿಜಾ ಹೇಳಿದಳು. ಕೆಲವು ವಾರಗಳ ಮೇಲೆ ಅವನು ತೀರಿಕೊಂಡ, ಮಗಳ ಕೈ ಹಿಡಿದುಕೊಂಡೇ, ನಿದ್ದೆಯಲ್ಲಿ. ಮತ್ತೆ ಸೂಜಿ ಕೇಳಲಿಲ್ಲ.

ಇಷ್ಟು ಕಂಡವನು ನಾನು ಬುದ್ಧಿ ಕಲಿಯಬೇಕಿತ್ತು. ಆದರೆ ಬೇರೆಯವರ ಮಂಚ ಕಂಡು ಬರುವ ಬುದ್ಧಿ ನಮ್ಮ ಮಂಚದಲ್ಲಿ ಮಲಗಿದಾಗ ಉಳಿಯುವುದಿಲ್ಲ. ಮನೆಗೆ ಬಂದ ಮೇಲೆ ನನ್ನ ಗಾಯ ಮಾಯಲೇ ಇಲ್ಲ. ಒಳಗೆಲ್ಲೋ ಸೋರುತ್ತಿತ್ತು. ಹಾಗಾಗಿ ನಳಿಗೆ ತೆಗೆಯುವ ಹಾಗಿರಲಿಲ್ಲ. ಗಂಜಿ, ಹಾಲು, ಬೇಳೆಕಟ್ಟು ಎಲ್ಲ ಮೂಗಿನಿಂದಲೇ. ನನ್ನದು ಫಕೀರಪ್ಪನಂಥ ನೋವಲ್ಲ. ಇದು ಬೇಸರ, ನಾಚಿಕೆ, ಹೇಸಿಗೆ. ಮಾತಾಡಿಸಲು ಬಂದವರು ನನಗೆ ಕಿವಿಯೂ ಹೋಗಿದೆಯೆಂಬಂತೆ ಜೋರಾಗಿ ಮಾತಾಡುತ್ತಿದ್ದರು. ಗಿರಿಜಾಳೊಡನೆ ಜಗಳವಾಡೋಣವೆಂದರೆ ನಾನು ಪಾಟಿಯ ಮೇಲೆ ಬರೆದು ಮುಗಿಸುವ ಹೊತ್ತಿಗೆ ಅವಳು "ಓದೂದಿಲ್ಲ ಹೋಗ್ರಿ" ಎಂದು ಮುಖ ತಿರುಗಿಸುತ್ತಿದ್ದಳು. ಗಂಡಹೆಂಡಿರ ಜಗಳವನ್ನೂ ಕಸಿದುಕೊಂಡ ರೋಗ ಇದು. ನನಗೆ ಬದುಕು ಬೇಡವೆನಿಸಿತು. ಆ ಕ್ಷಣಕ್ಕೆ ಬಂದು ಹೋದ ವಿಚಾರವಲ್ಲ ಅದು, ತೀರ್ಮಾನ ಎಂದೇ ತಿಳಿದಿದ್ದೆ.

ನದಾಫರು ಪ್ರತಿ ರವಿವಾರ ರೋಣದಿಂದ ಬಸ್ಸಿಗೆ ಬರುತ್ತಿದ್ದರು. ಒಂದು ರವಿವಾರ ಗಿರಿಜಾ ಒಳಗಿದ್ದಾಗ ನಾನು ಪಾಟಿಯ ಮೇಲೆ ಬರೆದು ತೋರಿಸಿದೆ: "ನಾನು ಸಾಯಬೇಕು. ನೀವು ನೆರವಾಗಬೇಕು."

ಅವರು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ನೆರವಾದವನಿಗೆ ಜೈಲು ಎಂಬುದು ಇಬ್ಬರಿಗೂ ಗೊತ್ತಿತ್ತು. "ಜೈಲಿನ ಅಂಜಿಕಿ ಇಲ್ರಿ ನನಗ," ಎಂದರು. "ಆದ್ರ ನನಗ ಜಾಮೀನು ಕೊಡಸಾಕ ನಿಮ್ಮಂಥಾ ವಕೀಲ ಬೇಕಲ್ಲ? ನೀವ ಇರೂದಿಲ್ಲ." ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿ, ಎದ್ದು ನಿಂತು, ಕೋರ್ಟಿನಲ್ಲಿ ನಿಲ್ಲುವ ಹಾಗೆಯೇ ಕೋಟಿನ ಅಂಚು ಎಳೆದುಕೊಂಡರು. "ಎದುರುಪಾರ್ಟಿ ಪರ ನಾ ಹಾಜರದೀನಿ. ಎದುರುಪಾರ್ಟಿಗೆ ಇನ್ನೂ ನೋಟೀಸ ಮುಟ್ಟಿಲ್ಲ. ಮುಂದಿನ ರವಿವಾರಕ್ಕ ವಾಯಿದೆ ಕೊಡಬೇಕು."

ನಾನು ಬರೆದೆ: "ಯಾರು ಎದುರುಪಾರ್ಟಿ?"

"ಅದನ್ನ ಮುಂದಿನ ತಾರೀಖಿಗೆ ಹೇಳ್ತೀನಿ."

ಸಿಟ್ಟು ನೆತ್ತಿಗೇರಿತು. ದೊಡ್ಡ ಅಕ್ಷರದಲ್ಲಿ "ತಕರಾರಿದೆ" ಎಂದು ಬರೆದು ಪಾಟಿಯನ್ನು ಅವರ ಮೂಗಿಗೆ ಹಿಡಿದೆ. ಅವರು ಕೈ ಮುಗಿದು ಬಸ್ಸಿಗೆ ಹೋದರು.

ಮುಂದಿನ ರವಿವಾರ ಹೊಸ ಕಾರಣ: ವಕಾಲತ್ತಿಗೆ ಸಹಿ ಆಗಬೇಕಂತೆ. ಅದರ ಮುಂದಿನದಕ್ಕೆ ಅಳಿಯನ ಮನೆಯ ಮದುವೆ. ಮತ್ತೊಮ್ಮೆ ಸುಮ್ಮನೆ ಹಲ್ಲುನೋವು, ಯಾವ ಹಲ್ಲು ಎಂದು ಬರೆದು ಕೇಳಿದರೆ ತೋರಿಸಲು ಬರಲಿಲ್ಲ. ಜೀವನವಿಡೀ ಕಂಡು ಸಿಡಿಮಿಡಿಗೊಂಡ ಅದೇ ಆಟ. ಆದರೆ ಒಂದು ವಿಚಿತ್ರ ನಡೆಯುತ್ತಿತ್ತು. ಶನಿವಾರ ಬಂತೆಂದರೆ ನಾನು ಅವರ ನೆಪ ಏನಿರಬಹುದೆಂದು ಊಹಿಸಿ, ಅದಕ್ಕೆ ತಕ್ಕ ತಕರಾರನ್ನು ಮನಸ್ಸಿನಲ್ಲೇ ತಯಾರು ಮಾಡುತ್ತಿದ್ದೆ. ತಯಾರು ಮಾಡುವ ಹೊತ್ತಿನಲ್ಲಿ ಸಾಯುವುದು ಮರೆತಿರುತ್ತಿತ್ತು.

ಒಮ್ಮೆ ಅವರು ಬಸ್ಸಿನಿಂದ ಒಂದು ದೊಡ್ಡ ಗಂಟು ಹೊತ್ತು ತಂದರು. ಚಪ್ಪಟೆ ಮಲಗಿದರೆ ನನಗೆ ಕಫ ಕಟ್ಟುತ್ತಿತ್ತು, ದಿಂಬಿನ ಮೇಲೆ ದಿಂಬು ಇಟ್ಟರೆ ಜಾರುತ್ತಿದ್ದವು. ಇದನ್ನು ನೋಡಿಕೊಂಡು ಹೋಗಿದ್ದ ಅವರು ನರಗುಂದದಲ್ಲಿ ತಂದೆಯ ಕಸುಬನ್ನೇ ಹಿಡಿದಿದ್ದ ತಮ್ಮ ಅಣ್ಣನಿಂದ ಒಂದು ಕಡೆ ಎತ್ತರ, ಒಂದು ಕಡೆ ಇಳಿಜಾರಿನ ದಪ್ಪ ದಿಂಬು ಹೊಲಿಸಿ ತಂದಿದ್ದರು. "ಹೊಸ ಹತ್ತಿ ಐತಿ, ಗಟ್ಟಿ ಹಿಂಜ್ಯಾನ," ಎಂದು ಬೆನ್ನಿಗೆ ಕೊಟ್ಟು ಕೂರಿಸಿದರು. ಬಹಳ ದಿನಗಳ ಮೇಲೆ ಉಸಿರು ಸರಾಗವಾಗಿ ಆಡಿತು. ನಾನು ಪಾಟಿಯ ಮೇಲೆ "ಇದು ಲಂಚ" ಎಂದು ಬರೆದೆ. "ಹೌದ್ರಿ, ತಗೋರಿ," ಎಂದರು.

ಆ ದಿನ ಅವರು ಹೋಗುವಾಗ ನಾನು ಬಿಡಲಿಲ್ಲ. ಕೈ ಹಿಡಿದು ಕೂರಿಸಿ ಬರೆದೆ: "ಆಟ ಸಾಕು. ನನಗೆ ನಿಜವಾಗಿಯೂ ಬೇಡವಾಗಿದೆ."

ನಳಿಗೆಗೆ ಹಾಕುವ ಗಂಜಿ ಹಿಡಿದು ಬಂದ ಗಿರಿಜಾ ಅದನ್ನು ಓದಿಬಿಟ್ಟಳು. ಚೊಂಬನ್ನು ನೆಲಕ್ಕಿಟ್ಟು ಅಲ್ಲೇ ಕೂತಳು. "ಇದೇನ್ರಿ ಇದು? ದಿನಾ ಗಂಜಿ ಸೋಸಿ ಸೋಸಿ ಹಾಕಾಕಿ ನಾನು. ಈ ಕೇಸಿನ್ಯಾಗ ನಾ ಏನೂ ಅಲ್ಲೇನು?"

"ನೀವು ಸಾಕ್ಷಿ, ಅಕ್ಕಾರ," ಎಂದರು ನದಾಫರು. ಅವರ ದನಿಯಲ್ಲಿ ಆಟವಿರಲಿಲ್ಲ. ನನ್ನ ಕಡೆ ತಿರುಗಿದರು. "ಎದುರುಪಾರ್ಟಿ ಯಾರು ಅಂತ ಕೇಳಿದ್ರಲ್ಲ, ಹೇಳ್ತೀನಿ. ನೀವ. ಈ ಗಾಯ ಮಾದ ಮ್ಯಾಲೆ, ಈ ನಳಿಗಿ ತಗದ ಮ್ಯಾಲೆ ಇರೂ ಹಿರೇಗೌಡ್ರು. ಆ ಮನುಷ್ಯಾ ಇನ್ನೂ ಬಂದಿಲ್ಲ. ಆತಗ ನೋಟೀಸ ಮುಟ್ಟಿಲ್ಲ, ಆತನ ಒಂದ ಮಾತ ಯಾರೂ ಕೇಳಿಲ್ಲ. ಆತನ್ನ ಕೇಳದ ಆತನ ಜೀವದ ಬಗ್ಗೆ ತೀರ್ಪು ಕೊಡಾಕ ನಿಮಗ ಯಾವ ಕೋರ್ಟು ಅಧಿಕಾರ ಕೊಟ್ಟೈತಿ? ಆತ ಬರಲಿ. ಬಂದು, ಖರೇನ ನನಗೂ ಬ್ಯಾಡ ಅಂದ್ರ, ಅವತ್ತ ನಾ ಕಡಿ ಬದಲ್ ಮಾಡ್ತೀನಿ. ಕಾಯ್ದೆ ಬದಲಾಗಬೇಕಂತ ನಿಮ್ಮ ಪರ ನಿಂತ ಎಲ್ಲೀ ತನಕ ಬೇಕಾದ್ರೂ ವಾದ ಮಾಡ್ತೀನಿ. ಅಲ್ಲೀ ತನಕ ವಾಯಿದೆ."

ಕೈಯಲ್ಲಿದ್ದ ಬಳಪವನ್ನು ಕೆಳಗಿಟ್ಟೆ. ಇಷ್ಟು ವರ್ಷ ಎದುರು ನಿಂತವನಿಗೆ ಒಂದು ಒಳ್ಳೆಯ ವಾದ ಕಂಡರೆ ಗೊತ್ತಾಗುತ್ತದೆ. ಗಿರಿಜಾ ಚೊಂಬು ಎತ್ತಿಕೊಂಡು ಗಂಜಿ ಹಾಕಿದಳು, ನಾನು ಸುಮ್ಮನೆ ಕೂತು ಹಾಕಿಸಿಕೊಂಡೆ.

ಎದುರುಪಾರ್ಟಿ ನಿಧಾನವಾಗಿ ಬಂದ. ಶ್ರಾವಣ ಕಳೆಯುವ ಹೊತ್ತಿಗೆ ಗಾಯ ಸೋರುವುದು ನಿಂತಿತು. ನಳಿಗೆ ತೆಗೆದ ದಿನ ಗಿರಿಜಾ ತೆಳ್ಳಗಿನ ಜೋಳದ ಅಂಬಲಿಗೆ ಮಜ್ಜಿಗೆ ಕಲಸಿ ಕೊಟ್ಟಳು. ವಾಸನೆಯಿಲ್ಲದಿದ್ದರೂ ಉಪ್ಪು ತಿಳಿಯಿತು, ಹುಳಿ ತಿಳಿಯಿತು. ಬಟ್ಟಲು ಖಾಲಿ ಮಾಡಿ ಇನ್ನೊಂದಕ್ಕೆ ಕೈ ಚಾಚಿದೆ. ಅವಳು ಆಸ್ಪತ್ರೆಯಲ್ಲಿ ಅಳದೆ ಇಟ್ಟುಕೊಂಡದ್ದನ್ನೆಲ್ಲ ಆಗ ಅತ್ತಳು. ಅಳುತ್ತಲೇ ಬೈದಳು ಕೂಡ. ಕುತ್ತಿಗೆಯ ತೂತಿಗೆ ಧೂಳು ಹೋಗದಂತೆ ನಮ್ಮೂರ ಕೈಮಗ್ಗದ ತೆಳು ಅರಿವೆಯಿಂದ ಕೊರಳಪಟ್ಟಿಗಳನ್ನು ಹೊಲಿದಳು. ಕೋರ್ಟಿಗೆ ಬಿಳಿ, ಮನೆಗೆ ಬಣ್ಣದ್ದು.

ಮಾತು ಕಲಿಸಲು ಹುಬ್ಬಳ್ಳಿಯಲ್ಲಿ ಒಬ್ಬ ಹುಡುಗಿ ಇದ್ದಳು, ನನಗೆ ಮಗಳಾಗುವ ವಯಸ್ಸಿನವಳು. ಗಾಳಿ ನುಂಗಿ ತೇಗಬೇಕು, ಆ ತೇಗನ್ನೇ ಮಾತಾಗಿ ತಿದ್ದಬೇಕು. "ನಾಚಬ್ಯಾಡ್ರಿ ಸರ್, ಹಬ್ಬದೂಟ ಮಾಡಿದಂಗ ತೇಗ್ರಿ," ಎನ್ನುತ್ತಿದ್ದಳು. ಮೊದಲು ಪಾ, ತಾ, ಕಾ. ತಿಂಗಳುಗಟ್ಟಲೆ ಮನೆಯಲ್ಲಿ ಕೂತು ತೇಗಿದೆ. ನೆರೆಮನೆಯವರು ನನಗೆ ಅಜೀರ್ಣವೂ ಅಂಟಿಕೊಂಡಿತೆಂದು ಅಜಿವಾನದ ನೀರು ಕಳಿಸಿದರು. ಒಂದು ಮುಂಜಾನೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಗಾಳಿ ನುಂಗಿ, ಕೆರೆದ ತಗಡಿನಂಥ ದನಿಯಲ್ಲಿ "ಗಿರಿಜಾ" ಎಂದೆ. ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು. ಬೆನ್ನು ತಿರುಗಿಸಿಯೇ "ಇನ್ನೊಮ್ಮೆ ಅನ್ರಿ," ಎಂದಳು. ಹಂಚಿನ ಮೇಲಿನ ರೊಟ್ಟಿ ಹೊತ್ತಿತು. ಅದನ್ನು ನಾನೇ ಹಾಲಿನಲ್ಲಿ ನೆನೆಸಿ ತಿಂದೆ.

ಬಂದವರು ಕೇಳುತ್ತಾರೆ, ಹಾಗಾದರೆ ಈಗ ನೀವು ಆ ಕಾನೂನಿಗೆ ವಿರೋಧವೋ ಎಂದು. ಅಲ್ಲ. ಫಕೀರಪ್ಪನಿಗೆ ಆ ಡಾಕ್ಟರಮ್ಮ ಸಿಗದೇ ಹೋಗಿದ್ದರೆ ಅವನ ಕೂಗಿಗೆ ನನ್ನ ಹತ್ತಿರ ಇವತ್ತಿಗೂ ಉತ್ತರವಿಲ್ಲ. ಯಾವ ಔಷಧಿಗೂ ಬಗ್ಗದ ನೋವು ಇರುವವರೂ ಇದ್ದಾರೆ, ಅವರ ಮುಂದೆ ನಿಂತು ಬದುಕು ಚಂದ ಎಂದು ಭಾಷಣ ಮಾಡುವ ಧೈರ್ಯ ನನಗಿಲ್ಲ. ಅವರ ಅರ್ಜಿಯನ್ನು ಕಾನೂನು ಕೇಳಲೇಬೇಕು. ಆದರೆ ಮೊದಲು ನೋವಿಗೆ ಮದ್ದು ಕೊಟ್ಟು ಕೇಳಲಿ. ಪಕ್ಕದಲ್ಲಿ ಯಾರಾದರೂ ಕೂತು ಕೇಳಲಿ. ಎದುರುಪಾರ್ಟಿಗೆ ನೋಟೀಸು ಮುಟ್ಟುವ ತನಕ ಕಾದು ಕೇಳಲಿ. ನನ್ನ ಅರ್ಜಿಯನ್ನು ಆ ಮೊದಲ ರವಿವಾರವೇ ಯಾರಾದರೂ ಮಂಜೂರು ಮಾಡಿದ್ದರೆ ಅದೂ ನ್ಯಾಯವೆಂದೇ ಅನ್ನಿಸಿಕೊಳ್ಳುತ್ತಿತ್ತು. ಅದನ್ನು ನೆನೆದರೆ ನನಗೆ ಈಗಲೂ ಮೈ ಬೆವರುತ್ತದೆ.

ಕೋರ್ಟಿಗೆ ಮರಳಿದ್ದು ಮರುವರ್ಷದ ಬೇಸಿಗೆ ರಜೆಯ ನಂತರ. ಕರಿ ಕೋಟು, ಕುತ್ತಿಗೆಗೆ ಗಿರಿಜಾ ಹೊಲಿದ ಬಿಳಿ ಪಟ್ಟಿ. ಬೇವಿನ ಗಿಡದ ಕೆಳಗಿನವರೆಲ್ಲ ಎದ್ದು ನಿಂತರು. ಎಲ್ಲರ ಮುಂದೆ ಈ ದನಿ ತೆಗೆಯುವುದು ಹೇಗೆಂದು ನನಗೆ ಅಳುಕಿತ್ತು. ಹೊಲದ ಗಡಿಯ ಬಾಂದುಗಲ್ಲಿನ ಹಳೆಯದೊಂದು ದಾವೆ. ನನ್ನ ಎದುರಿಗೆ ನದಾಫರೇ. ಕೇಸಿನ ಹೆಸರು ಕೂಗಿದರು. ನದಾಫರು ಎದ್ದು, ಕೋಟಿನ ಅಂಚು ಎಳೆದುಕೊಂಡು, ನನ್ನ ಕಡೆ ನೋಡದೆ ಹೇಳಿದರು: "ಸ್ವಾಮಿ, ಚಿಕ್ಕನರಗುಂದದ ನನ್ನ ಸಾಕ್ಷಿಗೆ ಜ್ವರ ಬಂದಿದೆ. ಒಂದು ವಾಯಿದೆ ಕೊಡಬೇಕು."

ಆ ಸಾಕ್ಷಿ ಹೊರಗೆ ಬೇವಿನ ಗಿಡದ ಕೆಳಗೆ ಕೂತು ಶೇಂಗಾ ತಿನ್ನುತ್ತಿದ್ದುದನ್ನು ನಾನು ಒಳಗೆ ಬರುವಾಗಲೇ ನೋಡಿದ್ದೆ. ನ್ಯಾಯಾಧೀಶರು ನನ್ನತ್ತ ತಿರುಗಿದರು. ಅವಸರ ಮಾಡಲಿಲ್ಲ. ಕೋರ್ಟೆಲ್ಲ ನನ್ನ ಕುತ್ತಿಗೆಯನ್ನು ನೋಡುತ್ತಿತ್ತು. ಎದ್ದು ನಿಂತೆ. ಗಾಳಿ ನುಂಗಿದೆ.

"ತಕರಾರು," ಎಂದೆ. ಉಸಿರು ಮುಗಿಯಿತು. ಹಳೆಯ ವಾಕ್ಯವೇ ಬರುತ್ತದೆಂದು ನದಾಫರು ಆಗಲೇ ನಗುತ್ತ ಉತ್ತರಕ್ಕೆ ತಯಾರಾಗಿದ್ದರು. ನಾನು ಇನ್ನೊಂದು ಗುಟುಕು ಗಾಳಿ ನುಂಗಿ, ಅವರನ್ನೇ ನೋಡುತ್ತ ಮಾತು ಮುಗಿಸಿದೆ.

"ಇಲ್ಲ, ಸ್ವಾಮಿ."